ಬದಲಿ ದನಿ

ದೊಡ್ಡಮ್ಮನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಕಣ್ಣು ಬಿಡುತ್ತಲೇ ಶುರುವಾದ ಮಾತು ದೀಪ ಆರಿಸಿದ ಮೇಲೂ ಸ್ವಲ್ಪ ಹೊತ್ತು ಮುಂದುವರಿಯುತ್ತಿತ್ತು. ದೊಡ್ಡಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. "ನಿಂತಿದ್ದನ್ನ ಓಡಿಸೋ ವಿದ್ಯೆ ನಂಗೊತ್ತು. ಓಡ್ತಿರೋದನ್ನ ನಿಲ್ಲಿಸೋ ವಿದ್ಯೆ ಯಾರೂ ಕಲಿಸ್ಲಿಲ್ಲ" ಎಂದು ಅಂಗಡಿಗೆ ಬಂದವರ ಮುಂದೆ ಹೇಳಿ ನಗುತ್ತಿದ್ದರು. ಆಮೇಲೆ ಅವರ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂದು, ಕೊನೆಗೆ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿಯಿತು. ಆಗಿನಿಂದ ಆ ಮಾತಿನ ಬಗ್ಗೆ ಯಾರೂ ತಮಾಷೆ ಮಾಡಲಿಲ್ಲ. "ರೀ, ಸ್ಟೂಲು ಎಡಗಡೆ ಇದೆ." "ರೀ, ಲೋಟ ಕೈ ಹತ್ರಾನೇ ಇದೆ, ಬಿಸಿಯಿದೆ ನೋಡ್ಕೊಳ್ಳಿ." ದೊಡ್ಡಪ್ಪ ಆ ದನಿಯನ್ನು ಹಿಡಿದುಕೊಂಡೇ ಮನೆಯೊಳಗೆ ಓಡಾಡುತ್ತಿದ್ದರು.

ಆ ಗಂಟಲಿಗೇ ಗೆಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಉಸಿರಾಡಲು ಕುತ್ತಿಗೆಯಲ್ಲೇ ದಾರಿ ಮಾಡುತ್ತೇವೆ, ಜೀವಕ್ಕೇನೂ ಆಗುವುದಿಲ್ಲ, ಆದರೆ ಮಾತು ಇರುವುದಿಲ್ಲ, ಹೇಳಬೇಕಾದ್ದನ್ನು ಬರೆದು ತೋರಿಸಬಹುದು ಎಂದರು ಡಾಕ್ಟರು. ದೊಡ್ಡಮ್ಮ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ.

"ಬರೀತೀನಿ ಡಾಕ್ಟ್ರೇ. ಯಾರಿಗೆ ತೋರಿಸ್ಲಿ?"

ಅವಳ ತಂಗಿಯ ಮಗಳು ಕೆಲಸ ಮಾಡುತ್ತಿದ್ದ ಪುಟ್ಟ ಆಫೀಸಿನಲ್ಲಿ ಇಂಥವರಿಗೆಂದೇ ಒಂದು ವೆಬ್ ಅಪ್ಲಿಕೇಶನ್ ತಯಾರಾಗುತ್ತಿತ್ತು. ಆಪರೇಶನ್ನಿಗೆ ಮುಂಚೆ ರೋಗಿ ತನಗೆ ಬೇಕಾಗುವ ಮಾತುಗಳನ್ನು ತನ್ನ ದನಿಯಲ್ಲೇ ಹೇಳಿ ಇಡಬೇಕು. ಆಮೇಲೆ ಫೋನಿನಲ್ಲಿ ಬಟನ್ ಒತ್ತಿದರೆ ಆ ಮಾತು ಅದೇ ದನಿಯಲ್ಲಿ ಕೇಳಿಸುತ್ತದೆ. ಆಸ್ಪತ್ರೆಯವರು ಕೇಳಿ ಮಾಡಿಸುತ್ತಿದ್ದ ಕೆಲಸ, ಇನ್ನೂ ಪ್ರಯೋಗದ ಹಂತದಲ್ಲಿತ್ತು. ಕೆಲವೇ ಕೆಲವು ರೋಗಿಗಳು ದನಿ ಕೊಟ್ಟಿದ್ದರು. ಬರೆದದ್ದನ್ನು ಯಂತ್ರದ ದನಿಯಲ್ಲಿ ಓದಿಸುವ ಅನುಕೂಲವೂ ಫೋನಿನಲ್ಲಿ ಇತ್ತು. ಅದನ್ನು ಒಮ್ಮೆ ಕೇಳಿಸಿದಾಗ ದೊಡ್ಡಪ್ಪ, "ಯಾರಮ್ಮಾ ಇವಳು, ಬ್ಯಾಂಕಿನವಳಾ? ಇವಳ ಜೊತೆ ನಾನು ಸಂಸಾರ ಮಾಡ್ಲಾ?" ಎಂದಿದ್ದರು.

ತಂಗಿಯ ಮಗಳನ್ನು ಎಲ್ಲರೂ ಸಣ್ಣಿ ಎನ್ನುತ್ತಿದ್ದರು. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳಂತೆ. ಅವಳೇ ಒತ್ತಾಯ ಮಾಡಿ ದೊಡ್ಡಮ್ಮನನ್ನು ಆಫೀಸಿಗೆ ಕರೆದುಕೊಂಡು ಬಂದಳು. ಹಿಂದಿನ ಕೋಣೆಯ ಗೋಡೆಗಳಿಗೆ ಕಂಬಳಿ ಹೊದಿಸಿ, ಬೀದಿಯ ಸದ್ದು ಒಳಗೆ ಬಾರದಂತೆ ಮಾಡಿದ್ದರು. ದೊಡ್ಡಮ್ಮ ಕಂಬಳಿಗಳನ್ನು ಮುಟ್ಟಿ ನೋಡಿದಳು.

"ಒಗೆದು ಎಷ್ಟು ದಿನ ಆಯ್ತೇ ಇವನ್ನ?"

"ದೊಡ್ಡಮ್ಮ, ಇಲ್ಲಿ ನೋಡು. ಆಸ್ಪತ್ರೆಯವರು ಪಟ್ಟಿ ಕೊಟ್ಟಿದ್ದಾರೆ. ಮೊದಲನೇದು, 'ನನಗೆ ನೀರು ಬೇಕು'."

"ನೀರು ಬೇಕಾದ್ರೆ ನಾನೇ ಎದ್ದು ಕುಡೀತೀನಿ. ಅವರಿಗೆ ಹೇಳಿ, ಅವರು ತರೋಕೆ ಹೋಗಿ, ಎಲ್ಲಾದ್ರೂ ಎಡವಿ ಬಿದ್ರೆ? ಬೇರೇದು ಓದು."

"'ನನಗೆ ನೋವಾಗುತ್ತಿದೆ'."

"ಅದನ್ನ ಯಾವತ್ತು ಹೇಳಿದ್ದೀನಿ ಅವರಿಗೆ, ಈಗ ಹೇಳೋಕೆ?"

ಪಟ್ಟಿ ಮೂಲೆ ಸೇರಿತು. ದೊಡ್ಡಮ್ಮ ತನಗೆ ತೋಚಿದ್ದನ್ನು ಹೇಳುತ್ತ ಹೋದಳು, ಸಣ್ಣಿ ಒಂದೊಂದಕ್ಕೂ ಒಂದು ಬಟನ್ ಮಾಡುತ್ತ ಹೋದಳು. ರೀ, ನಾನು ಬಂದೆ. ರೀ, ಅಲ್ಲೇ ನಿಂತ್ಕೊಳ್ಳಿ. ನಾನಿಲ್ಲೇ ಇದ್ದೀನಿ. ಊಟ ಸೇರ್ತಾ? ಯಾಕೆ ಸುಮ್ನೆ ಕೂತಿದ್ದೀರಿ? ಎಷ್ಟು ಸಲ ಹೇಳ್ಬೇಕು ನಿಮಗೆ? ಕೊನೆಯದನ್ನು ಎರಡು ರೀತಿಯಲ್ಲಿ ಹೇಳಿದಳು. "ಒಂದು ಕೋಪ ಬಂದಾಗ, ಇನ್ನೊಂದು ಕೋಪ ಬರದೇ ಇದ್ದಾಗ. ಎರಡನ್ನೂ ಬೆರೆಸ್ಬೇಡ್ವೇ, ಅವರಿಗೆ ಗಾಬರಿಯಾಗುತ್ತೆ." ದನಿ ಆಗಲೇ ಒಡೆದಿತ್ತು, ನಡುನಡುವೆ ಕೆಮ್ಮುತ್ತಿದ್ದಳು. ಆದರೂ ಆ ಒಡಕಿನ ಒಳಗೆ ದೊಡ್ಡಮ್ಮ ಪೂರ್ತಿಯಾಗಿ ಇದ್ದಳು.

ಸಣ್ಣಿ ಅಂಜುಬುರುಕಿ. ಹಗಲೆಲ್ಲ ಅಂಗಡಿಯೊಂದರಲ್ಲಿ ದುಡಿದು, ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತವಳು. ಬೀಗ ಹಾಕಿ ಬಾಗಿಲು ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಎಳೆದು ನೋಡುವ ಜಾತಿ. ಅದಕ್ಕೇ ಆಫೀಸಿನಲ್ಲಿ ಅವಳಿಗೆ ಟೆಸ್ಟ್ ಬರೆಯುವ ಕೆಲಸ ಕೊಟ್ಟಿದ್ದರು. ಅಪ್ಲಿಕೇಶನ್ನಿನ ಒಂದೊಂದು ಭಾಗವೂ ಹೇಳಿದ ಕೆಲಸವನ್ನು ಸರಿಯಾಗಿ ಮಾಡುತ್ತದೆಯೇ ಎಂದು ಬಿಡಿಬಿಡಿಯಾಗಿ ಪರೀಕ್ಷಿಸುವ ಸಣ್ಣ ಸಣ್ಣ ಪ್ರೋಗ್ರಾಂಗಳು ಅವು. ಸರಿಯಿದ್ದರೆ ಪರದೆಯ ಮೇಲೆ ಹಸಿರು ಸಾಲು, ತಪ್ಪಿದ್ದರೆ ಕೆಂಪು.

ಅವಳಿಗೆ ಕೆಲಸ ಕಲಿಸಿದವರು ಮೇಷ್ಟ್ರು. ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು, ಹೆಸರು ಹಾಗೇ ಉಳಿದಿತ್ತು. ಅಪ್ಲಿಕೇಶನ್ನಿನ ಬಹುಪಾಲು ಅವರದೇ ಕೈಕೆಲಸ. ರೋಗಿಗಳ ವಿವರ, ದನಿಯ ಲೆಕ್ಕ ಎಲ್ಲ ಇದ್ದದ್ದು ಡೇಟಾಬೇಸಿನಲ್ಲಿ. ಅದರೊಡನೆ ವ್ಯವಹರಿಸಲು ಅಪ್ಲಿಕೇಶನ್ನಿನ ಎಲ್ಲ ಭಾಗಗಳಿಗೂ ಸೇರಿ ಅವರು ಒಂದೇ ಕನೆಕ್ಷನ್ ಇಟ್ಟಿದ್ದರು. ಟೆಸ್ಟ್ ಮಾಡುವಾಗ ಅದು ನಿಜವಾದ ಡೇಟಾಬೇಸಿಗೆ ಹೋಗಿ ಮುಟ್ಟಬಾರದು. ಅದಕ್ಕಾಗಿ ಆ ಕನೆಕ್ಷನ್ನಿನ ಜಾಗದಲ್ಲಿ ಒಂದು ಬದಲಿಯನ್ನು ನಿಲ್ಲಿಸಬೇಕು. ಆಫೀಸಿನವರು ಅದನ್ನು ಮಾಕ್ ಎನ್ನುತ್ತಿದ್ದರು.

"ನಾಟಕದಲ್ಲಿ ಫೋನ್ ಬರುತ್ತಲ್ಲ, ಹಾಗೆ" ಎಂದು ಮೇಷ್ಟ್ರು ಮೊದಲ ದಿನ ಹೇಳಿದ್ದರು. "ಆ ಕಡೆ ಯಾರೂ ಇರಲ್ಲ. ಆದ್ರೂ ಈ ಕಡೆ ಇರೋನು ಹಲೋ ಅಂತಾನೆ, ಹೌದಾ ಅಂತಾನೆ, ಅಳ್ತಾನೆ. ಅವನ ಪಾತ್ರ ಸರಿಯಾಗಿ ಮಾಡ್ತಾನಾ ಅಷ್ಟೇ ನಾವು ನೋಡೋದು. ಮಾಕ್ ಏನನ್ನೂ ಬರೆದಿಡಲ್ಲ, ಏನನ್ನೂ ಅಳಿಸಲ್ಲ. ನೀನು ಮೊದಲೇ ಹೇಳಿಕೊಟ್ಟ ಉತ್ತರಾನೇ ಅದು ಹೇಳೋದು."

ಆಪರೇಶನ್ನಿಗೆ ಹಿಂದಿನ ದಿನ ಸಣ್ಣಿ 'ಅಳಿಸು' ಎಂಬ ಭಾಗಕ್ಕೆ ಟೆಸ್ಟ್ ಬರೆದಳು. ರೋಗಿ ಬೇಡವೆಂದರೆ ಅವರ ದನಿಯ ಚೂರೂ ಎಲ್ಲೂ ಉಳಿಯಬಾರದು ಎಂಬುದು ಆಸ್ಪತ್ರೆಯ ಷರತ್ತು. ಅದಕ್ಕೂ ಮೊದಲು, ನಾಳೆ ಏನೂ ತೊಡಕಾಗದಿರಲಿ ಎಂದು ದೊಡ್ಡಮ್ಮನ ಬಟನ್‌ಗಳನ್ನೆಲ್ಲ ಇನ್ನೊಮ್ಮೆ ಒತ್ತಿ ಕೇಳಿದ್ದಳು. ಹಾಗೆ ಕೇಳುವುದಕ್ಕಾಗಿ ತನ್ನ ಕಂಪ್ಯೂಟರನ್ನು ರೋಗಿಗಳ ನಿಜವಾದ ಡೇಟಾಬೇಸಿಗೇ ಜೋಡಿಸಿದ್ದಳು. ಜೋಡಿಸಿದ್ದು ಹಾಗೇ ಇತ್ತು. ಅದು ಅವಳ ಗಮನದಲ್ಲೂ ಇತ್ತು. ಬದಲಿ ನಿಂತಿದೆಯಲ್ಲ, ಇನ್ನು ಎಲ್ಲಿಗೆ ಜೋಡಿಸಿದ್ದರೇನು ಎಂದುಕೊಂಡಳು.

ಟೆಸ್ಟ್ ಚೊಕ್ಕಟವಾಗಿತ್ತು. ಎಲ್ಲ ರೋಗಿಗಳ ದನಿಯನ್ನೂ ಅಳಿಸು ಎನ್ನುವುದು. ಆಮೇಲೆ, ಏನಾದರೂ ಉಳಿದಿದೆಯೇ ಎಂದು ಕೇಳುವುದು. ಏನೂ ಇಲ್ಲ ಎಂದು ಉತ್ತರಿಸುವಂತೆ ಅವಳು ಬದಲಿಗೆ ಮೊದಲೇ ಹೇಳಿಕೊಟ್ಟಿದ್ದಳು. ಅದು ಹಾಗೇ ಹೇಳಿತು. ಹಸಿರು ಸಾಲು ಬಂತು.

"ಮೇಷ್ಟ್ರೇ, ಒಂದ್ಸಲ ನೋಡ್ತೀರಾ? ನಂಗೆ ಯಾಕೋ ಸಮಾಧಾನ ಇಲ್ಲ."

ಮೇಷ್ಟ್ರು ಬಗ್ಗಿ ನೋಡಿದರು. "ನಿಂಗೆ ಯಾವತ್ತಮ್ಮ ಸಮಾಧಾನ ಇದ್ದದ್ದು? ಹಸಿರು ಬಂದಿದೆ ತಾನೆ. ಮನೆಗೆ ಹೋಗು, ನಾಳೆ ನಿಮ್ಮ ದೊಡ್ಡಮ್ಮನ ಆಪರೇಶನ್ನು."

ಮರುದಿನ ಬೆಳಿಗ್ಗೆ ದೊಡ್ಡಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮೂವರೂ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಕೂತರು. ಸಣ್ಣಿ, ಅವಳ ಅಮ್ಮ, ನಡುವೆ ದೊಡ್ಡಪ್ಪ. ಗಾಲಿಮಂಚಗಳು ಹೋಗುವಾಗಲೆಲ್ಲ ದೊಡ್ಡಪ್ಪ ಮುಖ ಆ ಕಡೆ ತಿರುಗಿಸುತ್ತಿದ್ದರು. ತುಂಬ ಹೊತ್ತಾದ ಮೇಲೆ ನರ್ಸ್ ಬಂದು, ಎಲ್ಲ ಸರಿಹೋಯಿತು, ಗೆಡ್ಡೆ ಪೂರ್ತಿ ತೆಗೆದಿದ್ದಾರೆ ಎಂದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ದೊಡ್ಡಪ್ಪ ಸಣ್ಣಿಯ ಮೊಣಕೈ ಹುಡುಕಿ ಹಿಡಿದರು. "ಸಣ್ಣೀ, ಒಂದು ಹಾಕಮ್ಮ. ಯಾವುದಾದ್ರೂ. ಬೈಯೋದಾದ್ರೂ ಸರಿ."

ಸಣ್ಣಿ ಫೋನ್ ತೆಗೆದಳು. ಬಟನ್‌ಗಳಿರಬೇಕಾದ ಕಡೆ ಪುಟ ಖಾಲಿಯಾಗಿತ್ತು. ಯಾವುದೇ ಧ್ವನಿ ಇಲ್ಲ ಎಂಬ ಸಾಲು ನಡುವೆ ನಿಂತಿತ್ತು. ಅದು ಅವಳೇ ಬರೆದ ಸಾಲು. ಹೊಸ ರೋಗಿಗಳಿಗೆ ಮೊದಲ ದಿನ ಕಾಣಿಸಲೆಂದು ಬರೆದದ್ದು.

"ಇಲ್ಲಿ ನೆಟ್‌ವರ್ಕ್ ಸಿಗ್ತಿಲ್ಲ ದೊಡ್ಡಪ್ಪ" ಎಂದಳು. "ನಾನು ಆಫೀಸಿಗೆ ಹೋಗಿ ಬರ್ತೀನಿ."

ಆಫೀಸಿನಲ್ಲಿ ಮೇಷ್ಟ್ರು 'ಅಳಿಸು' ಭಾಗವನ್ನು ತೆರೆದು, ಮೊದಲ ಸಾಲುಗಳನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀನು ಬಾಗಿಲಲ್ಲಿ ಬದಲಿ ಆಳನ್ನ ನಿಲ್ಲಿಸಿದ್ದೆ. ಎಲ್ಲಾ ಭಾಗಗಳೂ ಬಾಗಿಲಿಗೆ ಬಂದು ಕನೆಕ್ಷನ್ ಕೇಳ್ತವೆ, ಅವಕ್ಕೆ ಬದಲಿ ಸಿಗುತ್ತೆ, ಸರಿ. ಆದ್ರೆ ಇದು ಬಾಗಿಲಿಗೆ ಬರೋದೇ ಇಲ್ಲ. ಎದ್ದ ತಕ್ಷಣಾನೇ ನಿಜವಾದ ಕನೆಕ್ಷನ್ನನ್ನ ಕೈಯಲ್ಲಿ ಹಿಡ್ಕೊಂಡು ಕೂತಿರುತ್ತೆ. ನೀನು ಬದಲಿ ನಿಲ್ಲಿಸೋ ಮುಂಚೇನೇ."

"ಹಾಗಾದ್ರೆ ಅಳಿಸು ಅಂದಾಗ..."

"ನಿಜವಾಗ್ಲೂ ಅಳಿಸ್ತು. ಉಳಿದಿದ್ಯಾ ಅಂತ ನೀನು ಕೇಳಿದ್ದು ಮಾತ್ರ ಬದಲಿಯನ್ನ." ಅವರು ಕಣ್ಣುಜ್ಜಿಕೊಂಡರು. "ಹಾಗೆ ಬರೆದೋನು ನಾನೇ ಕಣಮ್ಮ. ಬೇಗ ಆಗ್ಲಿ ಅಂತ."

ನಕಲು ಇತ್ತು, ಪೂರ್ತಿ ಇರಲಿಲ್ಲ. ದಿನವೂ ನಕಲಾಗುತ್ತಿದ್ದದ್ದು ಡೇಟಾಬೇಸ್ ಮಾತ್ರ. ದನಿಯ ಫೈಲುಗಳು ಬೇರೆ ಕಡೆ ಇದ್ದವು; ಡೇಟಾಬೇಸಿನ ಲೆಕ್ಕ ನೋಡಿ 'ಅಳಿಸು' ಅವನ್ನೂ ಅಳಿಸಿತ್ತು. ಪ್ರಯೋಗ ಮುಗಿಯಲಿ, ಆಮೇಲೆ ಅವುಗಳ ನಕಲಿಗೂ ಏರ್ಪಾಡು ಮಾಡೋಣ ಎಂದುಕೊಂಡಿದ್ದರು. ಸರ್ವರ್ ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದರೆ, ಒಮ್ಮೆ ಅಳಿಸಿದ್ದು ಹೋದ ಹಾಗೇ ಎಂದರು. ಮೇಷ್ಟ್ರು ನಕಲಿನಿಂದ ಡೇಟಾಬೇಸನ್ನು ತಿರುಗಿ ತಂದರು. ದೊಡ್ಡಮ್ಮನ ಪುಟದಲ್ಲಿ ಬಟನ್‌ಗಳು ಒಂದೊಂದಾಗಿ ಬಂದು ನಿಂತವು. ಅವಳು ಹೇಳಿದ ಮಾತುಗಳೆಲ್ಲ ಅಕ್ಷರದಲ್ಲಿ ಹಾಗೇ ಇದ್ದವು. ಸಣ್ಣಿ ಒಂದನ್ನು ಒತ್ತಿದಳು. ಇನ್ನೊಂದನ್ನು ಒತ್ತಿದಳು. ಎಲ್ಲವನ್ನೂ ಒತ್ತಿದಳು.

ಉಳಿದ ರೋಗಿಗಳಿಗೆ ಇನ್ನೂ ಆಪರೇಶನ್ ಆಗಿರಲಿಲ್ಲ. ಕ್ಷಮೆ ಕೇಳಿ ಅವರನ್ನು ಮತ್ತೆ ಕರೆಸಬಹುದಿತ್ತು. ದೊಡ್ಡಮ್ಮನನ್ನು ಕರೆಸುವ ಹಾಗಿರಲಿಲ್ಲ. ಸಣ್ಣಿ ಮನೆಯವರೆಲ್ಲರ ಫೋನುಗಳಲ್ಲಿ ಹುಡುಕಿದಳು. ದೊಡ್ಡಮ್ಮ ಎಂದೂ ದನಿ ಮೆಸೇಜು ಕಳಿಸಿದವಳಲ್ಲ. ಆ ಕಡೆಯವರು ತಿರುಗಿ ಮಾತಾಡದಿದ್ದರೆ ಏನು ಸುಖ ಎನ್ನುತ್ತಿದ್ದಳು. ಸಿಕ್ಕಿದ್ದು ಒಂದು ಮದುವೆಯ ವಿಡಿಯೋ. ಅದರಲ್ಲಿ ಅವಳ ಬಾಯಿ ಆಡುತ್ತಿತ್ತು, ಕೇಳುತ್ತಿದ್ದದ್ದು ಬ್ಯಾಂಡು.

ಸಂಜೆ ಅಮ್ಮನಿಗೆ ಹೇಳಿದಳು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಸಣ್ಣಿಗೆ ಅನಿಸಿತು.

"ಚಿಕ್ಕಂದಿನಿಂದ ಎಲ್ಲರೂ ಅಂತಾರೆ, ನಮ್ಮಿಬ್ಬರದೂ ಒಂದೇ ದನಿ ಅಂತ" ಎಂದಳು ಅಮ್ಮ ಕೊನೆಗೆ. "ಫೋನ್ ಎತ್ತಿದ್ರೆ ನಮ್ಮಪ್ಪಂಗೇ ಯಾವಳು ಅಂತ ಗೊತ್ತಾಗ್ತಿರ್ಲಿಲ್ಲ. ನಾನು ಹೇಳ್ತೀನಿ. ಅವಳ ಜಾಗದಲ್ಲಿ."

"ಅಮ್ಮಾ, ಅದು ಮೋಸ."

"ಮೋಸಾನೇ. ಭಾವ ಆ ಕತ್ತಲೆಯಲ್ಲಿ ಸುಮ್ನೆ ಕೂತಿರೋದು ಏನು ಮತ್ತೆ? ನಿಂಗೋಸ್ಕರ ಹೇಳ್ತಿಲ್ಲ ಕಣೇ."

ಸಣ್ಣಿಗಾಗಿಯೂ ಹೇಳುತ್ತಿದ್ದಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಕಂಬಳಿಯ ಕೋಣೆಯಲ್ಲಿ ಅಮ್ಮ ಅಕ್ಕನ ಮಾತುಗಳನ್ನು ಓದಿದಳು. ಮೊದಲ ಬಟನ್ನಿನಲ್ಲೇ ತಡವರಿಸಿದಳು. ಭಾವನನ್ನು 'ರೀ' ಎಂದು ಕರೆಯುವುದು ಅವಳ ನಾಲಿಗೆಗೆ ಬರಲಿಲ್ಲ.

"ನಿಮ್ಮಪ್ಪ ಇದ್ದಾಗ್ಲೂ ನಾನು ಹೀಗೆ ಕೂಗಿದವಳಲ್ಲ. ನಾಚಿಕೆಯಾಗುತ್ತಮ್ಮ. ನೀನು ಆ ಕಡೆ ತಿರುಗು."

ಸಣ್ಣಿ ಗೋಡೆಯ ಕಡೆ ತಿರುಗಿ ಕೂತಳು. ಬೆನ್ನ ಹಿಂದೆ ಅಮ್ಮ ಗಂಟಲನ್ನು ಒತ್ತಿ, ಒಡಕು ಬೆರೆಸಿ, "ರೀ, ನಾನು ಬಂದೆ" ಎಂದಳು. ತಿರುಗಿ ನೋಡದಿದ್ದರೆ ಅಲ್ಲಿ ದೊಡ್ಡಮ್ಮನೇ.

ದೊಡ್ಡಮ್ಮನಿಗೆ ಮಾತ್ರ ಮುಚ್ಚಿಡುವಂತಿರಲಿಲ್ಲ. ಅವಳು ಹಾಸಿಗೆಯಲ್ಲಿ ಎದ್ದು ಕೂರುವಷ್ಟು ಚೇತರಿಸಿಕೊಂಡ ದಿನ ಸಣ್ಣಿ ಹೋಗಿ ಎಲ್ಲವನ್ನೂ ಹೇಳಿದಳು. ಬಾಗಿಲು, ಬದಲಿ, ಹಸಿರು ಸಾಲು, ಯಾವುದನ್ನೂ ಬಿಡಲಿಲ್ಲ. ದೊಡ್ಡಮ್ಮನ ಕುತ್ತಿಗೆಗೆ ಬಿಳಿಯ ಬಟ್ಟೆ ಸುತ್ತಿತ್ತು. ಮಡಿಲಲ್ಲಿ ಬರೆದು ಒರೆಸುವ ಪುಟ್ಟ ಬೋರ್ಡು. ಕೇಳಿ ಮುಗಿದ ಮೇಲೆ ಬರೆದಳು.

ಎಲ್ಲಾನೂ?

"ಎಲ್ಲಾನೂ ದೊಡ್ಡಮ್ಮ."

ಒರೆಸಿ ಮತ್ತೆ ಬರೆದಳು. ಬೈಗುಳಾನೂ?

ಸಣ್ಣಿ ತಲೆಯಾಡಿಸಿದಳು. ಅಳು ತಡೆಯಲಾಗಲಿಲ್ಲ. ದೊಡ್ಡಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ ಫೋನ್ ಕೇಳಿ ತೆಗೆದುಕೊಂಡು, ತಂಗಿಯ ದನಿಯನ್ನು ಕಿವಿಗಿಟ್ಟು ಕೇಳಿದಳು. ಒಂದು ಮಾತಿನ ಹತ್ತಿರ ಅವಳ ಭುಜ ಕುಲುಕಿತು. ನಗುತ್ತಿದ್ದಾಳೆ ಎಂದು ತಿಳಿಯಲು ಸಣ್ಣಿಗೆ ಮುಖ ನೋಡಬೇಕಾಯಿತು. ಬೋರ್ಡಿನ ಮೇಲೆ ಬರೆದಳು: ಕೋಪ ಬರದೇ ಇರೋದು ಚೆನ್ನಾಗಿ ಬಂದಿದೆ. ಕೋಪದ್ದು ಬಂದಿಲ್ಲ. ಇವಳಿಗೆ ಅವರ ಮೇಲೆ ಕೋಪ ಎಲ್ಲಿದೆ?

ಬಹಳ ಹೊತ್ತಿನ ಮೇಲೆ ಇನ್ನೊಂದು ಸಾಲು: ಅವರಿಗೆ ಗೊತ್ತಾಗದಿದ್ದರೆ ಇದೇ ಇರಲಿ.

ಗೊತ್ತಾಗಲಿಲ್ಲ.

ಮನೆಗೆ ಬಂದ ಮಧ್ಯಾಹ್ನ ದೊಡ್ಡಮ್ಮ ಹೊಸಿಲಲ್ಲಿ ನಿಂತು ಬಟನ್ ಒತ್ತಿದಳು. "ರೀ, ನಾನು ಬಂದೆ." ದೊಡ್ಡಪ್ಪ ಕುರ್ಚಿಯಿಂದ ಎದ್ದವರು ಎದ್ದ ಹಾಗೇ ನಿಂತರು.

"ಬಂದ್ಯಾ" ಎಂದರು. "ಬಾ. ಮನೆ ಎಷ್ಟು ಸಪ್ಪಳ ಇಲ್ದೆ ಇತ್ತು ಗೊತ್ತಾ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿದಳು. ಸಣ್ಣಿ ದೊಡ್ಡಮ್ಮನ ಮುಖ ನೋಡಿದಳು. ಅವಳಿಗೆ ಕೂಡಲೇ ತಿಳಿದದ್ದು ಇಷ್ಟು: ದೊಡ್ಡಪ್ಪನಿಗೆ ಗೊತ್ತಾಗಿದ್ದರೆ ದೊಡ್ಡಮ್ಮನಿಗೆ ದನಿ ಹೋಯಿತು ಎಂಬ ದುಃಖವೊಂದೇ ಇರುತ್ತಿತ್ತು. ಈಗ ಅದರ ಮೇಲೆ ಇನ್ನೊಂದು.

ಆಮೇಲೆ ಸಣ್ಣಿ ದಿನವೂ ಕೆಲಸ ಮುಗಿಸಿ ಅಲ್ಲಿಗೆ ಹೋಗುತ್ತಿದ್ದಳು. ಅಮ್ಮ ಮಾತ್ರ ಹೋಗುವುದನ್ನು ಬಿಟ್ಟಳು; ಹೋದರೆ ಬಾಯಿ ಬಿಡುವಂತಿರಲಿಲ್ಲ. ದೊಡ್ಡಪ್ಪ ಲವಲವಿಕೆಯಿಂದಿದ್ದರು. ಬಟನ್ ಒತ್ತಿದಾಗಲೆಲ್ಲ ಉತ್ತರ ಕೊಡುತ್ತಿದ್ದರು. ಊಟ ಸೇರ್ತಾ ಎಂದರೆ, ಸೇರ್ತು ಕಣೇ, ಆದ್ರೆ ಉಪ್ಪು ಕಡಿಮೆ ಎನ್ನುವರು. ಎಷ್ಟು ಸಲ ಹೇಳ್ಬೇಕು ಎಂದರೆ, ನೀನು ಹೇಳ್ತಾನೇ ಇರು ಎಂದು ನಗುವರು. ಆದರೆ ಮಾತು ಬಂದ ಕಡೆಗೇ ಅವರ ಮುಖ ತಿರುಗುತ್ತಿತ್ತು. ಫೋನ್ ಮೇಜಿನ ಮೇಲಿದ್ದರೆ ಮೇಜನ್ನು ನೋಡಿ ಮಾತಾಡುತ್ತಿದ್ದರು. ದೊಡ್ಡಮ್ಮ ಅವರ ಇನ್ನೊಂದು ಪಕ್ಕದಲ್ಲೇ ಕೂತಿರುತ್ತಿದ್ದಳು. ಒಮ್ಮೆ ಅವಳು ಫೋನನ್ನು ಎದೆಗೆ ಒತ್ತಿಕೊಂಡು ಕೂತು ಬಟನ್ ಒತ್ತಿದ್ದನ್ನು ಸಣ್ಣಿ ನೋಡಿದಳು. ಆಗ ಅವರ ಮುಖ ಅವಳ ಕಡೆ ತಿರುಗಿತು. ಆಗಲೂ ಅವಳ ಕಣ್ಣಲ್ಲಿ ಸಂತೋಷ ಇರಲಿಲ್ಲ.

ಬರಬರುತ್ತ ದೊಡ್ಡಮ್ಮ ಬಟನ್ ಒತ್ತುವುದು ಕಡಿಮೆಯಾಯಿತು. ಒಂದು ಸಂಜೆ ಸಣ್ಣಿ ಹೋದಾಗ ಮನೆ ಪೂರ್ತಿ ನಿಶ್ಶಬ್ದವಾಗಿತ್ತು. ದೊಡ್ಡಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಸಣ್ಣೀ, ನಿಮ್ಮ ದೊಡ್ಡಮ್ಮ ಎಲ್ಲಿ? ಬೆಳಿಗ್ಗೆಯಿಂದ ಒಂದು ಮಾತಿಲ್ಲ. ನಾನೇನಾದ್ರೂ ಅಂದ್ನಾ?"

ದೊಡ್ಡಮ್ಮ ಅವರ ಎದುರಿಗೇ ನೆಲದ ಮೇಲೆ ಕೂತಿದ್ದಳು. ಫೋನನ್ನು ಸಣ್ಣಿಗೆ ಚಾಚಿದಳು. ಅದರಲ್ಲಿ ಒಂದು ಬಟನ್ನೂ ಇರಲಿಲ್ಲ. ಬೇಡವೆಂದ ರೋಗಿಗಳಿಗಾಗಿ ಆಸ್ಪತ್ರೆ ಮಾಡಿಸಿದ್ದ 'ಅಳಿಸು'ವನ್ನು ಅವಳೇ ಒತ್ತಿದ್ದಳು, ಅದು ಈಗ ಸರಿಯಾಗಿ ಕೆಲಸ ಮಾಡಿತ್ತು. ಬೋರ್ಡಿನ ಮೇಲೆ ಮೊದಲೇ ಬರೆದು ಇಟ್ಟುಕೊಂಡಿದ್ದಳು: ನೀನೇ ಹೇಳು ಅವರಿಗೆ. ನಂಗೆ ಆಗಲ್ಲ.

ಸಣ್ಣಿ ಹೇಳಿದಳು. ಆಸ್ಪತ್ರೆಯ ಹಾಸಿಗೆಯ ಪಕ್ಕ ಹೇಳಿದ್ದಕ್ಕಿಂತ ಇದು ಕಷ್ಟವಾಗಿತ್ತು, ಏಕೆಂದರೆ ದೊಡ್ಡಪ್ಪ ನಡುವೆ ಏನನ್ನೂ ಕೇಳಲಿಲ್ಲ. ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದರು. ಮುಗಿದ ಮೇಲೆ ಕೇಳಿದರು.

"ಅಂದ್ರೆ ಇಷ್ಟು ದಿನ ನಾನು ಮಾತಾಡಿದ್ದು ನಿಮ್ಮಮ್ಮನ ಜೊತೆ."

"ಹೌದು ದೊಡ್ಡಪ್ಪ. ತಪ್ಪು ನಂದು."

"ನಿಂದು ಬಿಡಮ್ಮ. ಯಂತ್ರದ ಕೆಲಸ, ನನ್ನ ಕೈಯಲ್ಲೂ ಎಷ್ಟೋ ಗಡಿಯಾರ ಕೆಟ್ಟಿವೆ." ಅವರ ದನಿ ತಗ್ಗಿತು. "ನಂಗೆ ಗೊತ್ತಾಗ್ಲಿಲ್ವಲ್ಲ. ಇಡೀ ಆಯಸ್ಸು ಕೇಳಿದ್ದೀನಿ. ಕಣ್ಣಿದ್ದೋರಿಗೆ ಮುಖ ಹೇಗೋ ನಂಗದು ಹಾಗೆ. ಬೇರೆ ಮುಖ ತಂದಿಟ್ರೆ ಗೊತ್ತಾಗ್ಬೇಡ್ವಾ?"

ದೊಡ್ಡಪ್ಪ ಕೈ ಎತ್ತಿ, ಸುಮ್ಮನಿರಿ ಎಂಬಂತೆ ಹಿಡಿದರು, ಆಗಲೇ ಎಲ್ಲರೂ ಸುಮ್ಮನಿದ್ದರೂ. ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಕೆಟ್ಟ ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದಾಗ ಹೀಗೇ ಕೂರುತ್ತಿದ್ದರು.

"ಬರ್ತಿಲ್ಲ" ಎಂದರು. "ಅವಳು ರೀ ಅನ್ನೋದನ್ನ ನೆನೆಸ್ಕೊಳ್ತಿದ್ದೀನಿ. ಈ ಫೋನಿಂದೇ ಬರ್ತಿದೆ. ಅದರ ಹಿಂದೆ ಇನ್ನೊಂದು ಇರ್ಬೇಕು. ಸಿಕ್ತಿಲ್ಲ."

ಇದಕ್ಕೆ ಯಾವ ನಕಲೂ ಇಲ್ಲ ಎಂದು ಸಣ್ಣಿಗೆ ಆಗ ಅರ್ಥವಾಯಿತು. ಅವಳು ಅಳಿಸಿದ್ದು ಸರ್ವರಿನಿಂದ ಒಮ್ಮೆ. ಆಮೇಲೆ ಅದನ್ನು ಸರಿಪಡಿಸುತ್ತೇನೆಂದು ಹೊರಟು, ಉಳಿದಿದ್ದ ಒಂದೇ ಒಂದು ಕಡೆಯಿಂದಲೂ ಅಳಿಸಿದ್ದಳು.

ದೊಡ್ಡಮ್ಮ ನೆಲದಿಂದ ಎದ್ದಳು. ಗಂಡನ ಮುಂದೆ ನಿಂತು, ಅವರ ಬಲಗೈಯನ್ನು ಎತ್ತಿ, ಕುತ್ತಿಗೆಯ ಬಟ್ಟೆಯನ್ನು ಸರಿಸಿ, ಬೆರಳುಗಳನ್ನು ಅಲ್ಲಿಗೆ ತಂದಿಟ್ಟಳು. ಅವರ ಕೈ ಒಮ್ಮೆ ಬೆಚ್ಚಿ ಹಿಂದೆ ಸರಿಯಿತು. ಅವಳು ಬಿಡಲಿಲ್ಲ. ಉಸಿರು ಒಳಗೆ ಹೋಗುವಾಗ ತೆಳ್ಳಗೆ, ಹೊರಗೆ ಬರುವಾಗ ಸ್ವಲ್ಪ ಗೊರಗೊರ.

"ಇಲ್ಲಿಂದಾನಾ?" ಎಂದರು ದೊಡ್ಡಪ್ಪ.

ಅವಳು ತುಟಿ ಅಲ್ಲಾಡಿಸಿದಳು. ಏನನ್ನೋ ಹೇಳಿದಳು, ದನಿಯೇ ಇಲ್ಲದೆ, ಇಡೀ ಮುಖದಿಂದ. ಉಸಿರು ಅವರ ಬೆರಳಿಗೆ ತಾಗಿ ಹೋಯಿತು.

"ಗೊತ್ತಾಗ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು."

ಅವಳು ಮತ್ತೆ ಹೇಳಿದಳು.

ಸಣ್ಣಿಗೆ ಆ ತುಟಿಯ ಮಾತು ತಿಳಿಯಿತು. ಅದನ್ನು ಹೇಳಿಬಿಡೋಣವೆಂದು ಬಾಯಿ ತೆರೆದಳು. ದೊಡ್ಡಮ್ಮ ಅವಳ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು. ಸಣ್ಣಿ ಬಾಯಿ ಮುಚ್ಚಿದಳು.

ದೊಡ್ಡಪ್ಪ ಬೆರಳು ತೆಗೆಯದೆ, ಮುಖವನ್ನು ಹೆಂಡತಿಯ ಕಡೆಗೇ ಎತ್ತಿ ಕೂತಿದ್ದರು.

"ಇನ್ನೊಂದ್ಸಲ" ಎಂದರು.